ತಪ್ಪೊಪ್ಪಿಗೆ ಯಾರಿಗಾಗಿ?

ತಪ್ಪು ಮಾಡದವರು ಯಾರೂ ಇಲ್ಲವೆಂಬ ಮಾತನ್ನು ನಾವೆಲ್ಲ ಧಾರಾಳವಾಗಿ ಆಡುತ್ತೇವೆ. ಆಡುವಾಗ ನಮ್ಮ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಇತರರ ತಪ್ಪುಗಳು. ಇಲ್ಲವೆ ಊರು ಹೆಸರುಗಳಿಲ್ಲದ, ಯಾರನ್ನೂ ನೋಯಿಸದ ನಮ್ಮದೊಂದು ತಪ್ಪು. "ನಾನೂ ಮನುಷ್ಯನೇ, ತಪ್ಪಿದ್ದೇನೆ" ಎನ್ನುವುದು ಸುಲಭ. "ಇಂಥ ದಿನ ಇಂಥದನ್ನು ತಪ್ಪಾಗಿ ಮಾಡಿದೆ, ಅದು ಇಷ್ಟು ದೂರ ಹರಡಿದೆ" ಎನ್ನುವುದು ಕಷ್ಟ. ಈ ಎರಡು ಮಾತುಗಳ ನಡುವೆ ಇರುವ ಅಂತರ ಎಷ್ಟೆಂಬುದು ನನಗೆ ಹೊಳೆದದ್ದು ನನ್ನ ಕಸುಬಿಗೆ ಏನೇನೂ ಸಂಬಂಧವಿಲ್ಲದ ಒಂದು ಕಡೆಯಿಂದ, ಎಂದರೆ ಗಣಕಯಂತ್ರದ ಒಳಗಿನಿಂದ. ಕನ್ನಡದ ಮೇಷ್ಟರಿಗೆ ಅಲ್ಲೇನು ಕೆಲಸವೆಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಾನಾಗಿ ಅಲ್ಲಿಗೆ ಹೋದವನಲ್ಲ. ನನ್ನನ್ನು ಕರೆದೊಯ್ದವನು ನನ್ನ ಹಳೆಯ ವಿದ್ಯಾರ್ಥಿ.

ಅವನು ಬಿ.ಎಸ್ಸಿ. ಓದುವಾಗ ಎರಡು ವರ್ಷ ನನ್ನ ಕನ್ನಡ ತರಗತಿಯಲ್ಲಿ ಕುಳಿತವನು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ದಸರೆಯ ರಜೆಯಲ್ಲಿ ಮನೆಗೆ ಬಂದಾಗ, ನೀನು ಮಾಡುವುದು ಏನಯ್ಯ ಎಂದು ಕೇಳಿದೆ. "ಲಿನಕ್ಸ್ ಕರ್ನೆಲ್‌ನಲ್ಲಿ ತಪ್ಪು ಹುಡುಕೋದು, ತಿದ್ದೋದು ಸಾರ್" ಎಂದ. ನನಗೆ ತಿಳಿಯುವ ಹಾಗೆ ಹೇಳು ಎಂದೆ. ಹೇಳಿದ.

ಗಣಕಯಂತ್ರದ ಬಿಡಿಭಾಗಗಳಿಗೂ ನಾವು ಬಳಸುವ ಆ್ಯಪು ಮುಂತಾದುವಕ್ಕೂ ನಡುವೆ ನಿಂತು, ಯಾರಿಗೆ ಎಷ್ಟು ಜಾಗ, ಎಷ್ಟು ಹೊತ್ತು ಎಂದು ಹಂಚಿಕೊಡುವ ತಿರುಳೊಂದು ಇರುತ್ತದೆ. ಅದೇ ಕರ್ನೆಲ್. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್ ಎಂಬ ವ್ಯವಸ್ಥೆಗೆ ಕೈಹಾಕಿದರು. ಅದರ ಮಾದರಿಯನ್ನು ಹಿಡಿದು, 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ಹುಡುಗ ಸ್ವಂತ ಹವ್ಯಾಸಕ್ಕೆಂದು ಬರೆದದ್ದು ಲಿನಕ್ಸ್. ಮರುವರ್ಷ ಅವನು ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟ: ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ಹಂಚುವವನು ಅದೇ ಸ್ವಾತಂತ್ರ್ಯವನ್ನು ಮುಂದಿನವನಿಗೂ ಕೊಡಬೇಕು, ಇಷ್ಟೇ ಕಟ್ಟಳೆ. ಇಂದು ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಿರುಳು ಅದೇ. 2017ರ ನವೆಂಬರ್‌ನಿಂದ ಈಚೆಗೆ ಜಗತ್ತಿನ ಅತಿ ವೇಗದ 500 ಗಣಕಗಳ ಪಟ್ಟಿಯಲ್ಲಿ ಲಿನಕ್ಸ್ ಅಲ್ಲದ್ದು ಒಂದೂ ಇಲ್ಲ. ಮೂರು ಕೋಟಿ ಸಾಲುಗಳನ್ನು ಮೀರಿದ ಗ್ರಂಥ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ. ಒಂದೊಂದು ಆವೃತ್ತಿಗೂ ಸಾವಿರಕ್ಕೂ ಹೆಚ್ಚು ಜನ ಸೇರಿ ಮಾಡುವ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳು. ಇದರಲ್ಲಿ ತಪ್ಪು ನುಸುಳದಿದ್ದರೆ ಆಶ್ಚರ್ಯಪಡಬೇಕು.

ಅವನಿಗೆ ಎದುರಾದ ತಪ್ಪು ಸಣ್ಣದು. ಒಂದು ಬಗೆಯ ಲ್ಯಾಪ್‌ಟಾಪನ್ನು ಮುಚ್ಚಿಟ್ಟು ತೆರೆದರೆ ಅದು ನಿದ್ದೆಯಿಂದ ಏಳುತ್ತಿರಲಿಲ್ಲ. ಹಿಂದಿನ ಆವೃತ್ತಿಯಲ್ಲಿ ಸರಿಯಿತ್ತು, ಹೊಸದರಲ್ಲಿ ಕೆಟ್ಟಿದೆ. ನಡುವೆ ಸುಮಾರು ಹದಿನಾಲ್ಕು ಸಾವಿರ ಬದಲಾವಣೆಗಳು. ಅಷ್ಟನ್ನೂ ಓದುತ್ತ ಕುಳಿತರೆ ಆಯುಷ್ಯ ಸಾಲದು. ಹುಡುಕುವ ಉಪಾಯವೇ ಬೇರೆ. ಸರಿಯಾಗಿ ನಡುವಿನ ಬದಲಾವಣೆಯವರೆಗಿನ ಕರ್ನೆಲನ್ನು ಕಟ್ಟಿ ನೋಡಬೇಕು. ಅಲ್ಲಿ ಯಂತ್ರ ಎದ್ದರೆ ತಪ್ಪು ಆಮೇಲಿನ ಅರ್ಧದಲ್ಲಿದೆ. ಏಳದಿದ್ದರೆ ಮೊದಲಿನ ಅರ್ಧದಲ್ಲಿದೆ. ಮತ್ತೆ ಅರ್ಧ, ಮತ್ತೆ ಅರ್ಧ. ಹದಿನಾಲ್ಕು ಸಲ ಹೀಗೆ ಮಾಡುವಷ್ಟರಲ್ಲಿ ಉಳಿಯುವುದು ಒಂದೇ ಒಂದು ಬದಲಾವಣೆ. ಪ್ರತಿಯೊಂದು ಹೆಜ್ಜೆಯೂ, ಅದನ್ನು ಇಟ್ಟವನ ಹೆಸರು, ತಾರೀಖು, ಕಾರಣಗಳೊಡನೆ ದಾಖಲಾಗಿರುವುದರಿಂದ ಇದು ಸಾಧ್ಯ. ಈ ದಾಖಲೆಗೆಂದೇ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಎಂಬ ಉಪಕರಣವನ್ನು ಮಾಡಿದ. ಕೇಳಿದಾಗ ನನಗೆ ಗ್ರಂಥಸಂಪಾದನೆ ನೆನಪಾಯಿತು. ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಅಪಪಾಠ ಯಾವ ಪ್ರತಿಯಲ್ಲಿ ಹುಟ್ಟಿತು, ಯಾವುವಕ್ಕೆ ಇಳಿದುಬಂತು ಎಂದು ಹುಡುಕುವವರ ಕೆಲಸವೂ ಇದೇ ಜಾತಿಯದು.

ಎರಡು ಸಂಜೆಗಳ ಹುಡುಕಾಟದ ಕೊನೆಗೆ ನನ್ನ ವಿದ್ಯಾರ್ಥಿಗೆ ಸಿಕ್ಕಿದ್ದು ದೂರದೇಶದ ಒಬ್ಬ ಅನುಭವಸ್ಥನ ಬದಲಾವಣೆ. ಅಳುಕುತ್ತಲೇ ಅವನಿಗೆ ಬರೆದ. ಮರುದಿನ ಉತ್ತರ ಬಂತು. ತಪ್ಪು ತನ್ನದೇ, ಇದನ್ನು ಹಾಕಿ ನೋಡಬೇಕು ಎಂದು ಒಂದು ಮಾತು; ಜೊತೆಗೆ ನಾಲ್ಕಾರು ಸಾಲಿನ ತಿದ್ದುಪಡಿ. ಅದರ ಅಡಿಯಲ್ಲಿ, ಅಲ್ಲಿಯ ಪದ್ಧತಿಯಂತೆ, ತಪ್ಪನ್ನು ತೋರಿಸಿಕೊಟ್ಟವನೆಂದು ನನ್ನ ವಿದ್ಯಾರ್ಥಿಯ ಹೆಸರು. ತಿದ್ದಿದವನೆಂದು ಅವನ ಹೆಸರು. ಮತ್ತು, ಇದು ಇಂಥ ಹಳೆಯ ಬದಲಾವಣೆಯ ತಪ್ಪನ್ನು ತಿದ್ದುತ್ತದೆಂದು ಅವನದೇ ಆ ಹಳೆಯ ಕೆಲಸದ ಗುರುತು.

"ತನ್ನ ತಪ್ಪಿನ ಗುರುತನ್ನು ತಾನೇ ಎಲ್ಲರಿಗೂ ಕಾಣುವ ಹಾಗೆ ಬರೆದಿಡಬೇಕೇನಯ್ಯ? ನಾಚಿಕೆಯಾಗುವುದಿಲ್ಲವೆ?" ಎಂದೆ.

"ಆಗುತ್ತೆ ಸಾರ್. ಆದ್ರೆ ಆ ಸಾಲು ಇರೋದು ನಾಚಿಕೆಪಡಿಸೋಕಲ್ಲ. ಆ ತಪ್ಪು ಯಾವ ಯಾವ ಹಳೇ ಆವೃತ್ತಿಗೆ ಹೋಗಿದೆ ಅಂತ ಗೊತ್ತಾಗಬೇಕಲ್ಲ? ಅದನ್ನ ಬಳಸ್ತಾ ಇರೋರಿಗೂ ತಿದ್ದುಪಡಿ ಹೋಗಬೇಕಲ್ಲ?"

ಅವನು ಹೇಳಿದ್ದರ ಅರ್ಥವಿಷ್ಟು. ಹೊಸ ಆವೃತ್ತಿ ಬಂದ ಕೂಡಲೆ ಜಗತ್ತೆಲ್ಲ ಅದಕ್ಕೆ ಬದಲಾಯಿಸಿಕೊಳ್ಳುವುದಿಲ್ಲ. ಹಳೆಯ ಆವೃತ್ತಿಗಳು ವರ್ಷಗಟ್ಟಲೆ ಕೆಲಸ ಮಾಡುತ್ತಿರುತ್ತವೆ. ಅವುಗಳ ಪೋಷಣೆಗೆಂದೇ ಇರುವವರು ಆ ಒಂದು ಸಾಲನ್ನು ನೋಡಿ, ತಪ್ಪು ಎಲ್ಲಿ ಹುಟ್ಟಿತೋ ಅಲ್ಲಿಂದ ಈಚಿನ ಆವೃತ್ತಿಗಳಿಗೆ ತಿದ್ದುಪಡಿಯನ್ನು ಕಳಿಸುತ್ತಾರೆ. ಆ ಸಾಲಿಲ್ಲದೆ ಸುಮ್ಮನೆ ತಿದ್ದಿಬಿಟ್ಟರೆ ಹೊಸದು ಸರಿಯಾಗುತ್ತದೆ. ಹಳೆಯವು ಕೆಟ್ಟೇ ಉಳಿಯಬಹುದು.

ಅವನು ಕಾಫಿ ಕುಡಿದು ಹೊರಟುಹೋದ. ನಾನು ಮಾತ್ರ ಅಲ್ಲಿಯೇ ಕುಳಿತೆ. ಈ ಹುಡುಗನಿಗೂ ನನಗೂ ಒಂದು ಹಳೆಯ ಲೆಕ್ಕವಿತ್ತು.

ಹತ್ತು ವರ್ಷಗಳ ಹಿಂದಿನ ಮಾತು. ಪಠ್ಯದಲ್ಲಿ ಹಳಗನ್ನಡದ ಒಂದು ಯುದ್ಧವರ್ಣನೆಯಿತ್ತು. ಅದರಲ್ಲಿ 'ಅರಿದು' ಎಂದಿದ್ದುದಕ್ಕೆ ನಾನು 'ತಿಳಿದು' ಎಂದು ಅರ್ಥ ಹೇಳುತ್ತಿದ್ದೆ. ಹೇಳಿ ಸುಮ್ಮನಿದ್ದರೂ ಆಗುತ್ತಿತ್ತು; ಬಾಣಗಳ ಮಳೆಯ ನಡುವೆ ವೀರನಿಗೆ ವಿವೇಕ ಉದಯವಾದುದನ್ನು ಕುರಿತು ಅರ್ಧ ಗಂಟೆ ಭಾಷಣ ಮಾಡುತ್ತಿದ್ದೆ. ಹುಡುಗರು ಅದನ್ನು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಿದ್ದರು. ಈತ ಗ್ರಂಥಾಲಯದಲ್ಲಿ ಹಳೆಯ ಮುದ್ರಣವೊಂದನ್ನು ನೋಡಿಬಂದು, "ಸಾರ್, ಆ ಪುಸ್ತಕದಲ್ಲಿ ತಿಳಿ ಅನ್ನೋ ಕಡೆಯೆಲ್ಲ ಶಕಟರೇಫೆಯ ಅಱಿ ಇದೆ. ಇಲ್ಲಿ ಸಾದಾ ರಕಾರ ಇದೆ. ಇದು ಕತ್ತರಿಸು ಅನ್ನೋ ಅರಿ ಅಲ್ವಾ?" ಎಂದ. ಅವನ ಮಾತು ಸರಿ. ವೀರನಿಗೆ ಜ್ಞಾನೋದಯವಾಗಿರಲಿಲ್ಲ, ಅವನು ತಲೆಗಳನ್ನು ಕತ್ತರಿಸುತ್ತಿದ್ದ. ತರಗತಿ ನಕ್ಕಿತು. "ವಿಜ್ಞಾನದ ಹುಡುಗರಿಗೆ ಕತ್ತರಿಸುವುದೇ ಹೆಚ್ಚು ಇಷ್ಟ" ಎಂದು ನಾನೂ ನಗಿಸಿ, ಮುಂದಿನ ಪದ್ಯಕ್ಕೆ ಹೋದೆ. ಆ ರಾತ್ರಿ ಪುಸ್ತಕ ತೆಗೆದು ನೋಡಿದೆ. ಮುಂದಿನ ವರ್ಷದಿಂದ ಸರಿಯಾದ ಅರ್ಥವನ್ನೇ ಹೇಳಿದೆ, ಮೊದಲಿನಿಂದಲೂ ಅದನ್ನೇ ಹೇಳುತ್ತ ಬಂದವನಂತೆ.

ತಿದ್ದಿಕೊಂಡೆನಲ್ಲ, ಅಷ್ಟು ಸಾಲದೆ? ಇಷ್ಟು ದಿನ ಸಾಕೆಂದೇ ತಿಳಿದಿದ್ದೆ. ತಪ್ಪೊಪ್ಪಿಗೆಯನ್ನು ನಾವು ಆತ್ಮಕ್ಕೆ ಸಂಬಂಧಿಸಿದ್ದೆಂದು ಭಾವಿಸಿದ್ದೇವೆ. ಒಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆ, ಅಹಂಕಾರ ಕರಗುತ್ತದೆ ಎನ್ನುತ್ತೇವೆ. ಹಾಗಾದರೆ ಮನಸ್ಸಿನೊಳಗೇ ಒಪ್ಪಿಕೊಂಡು ತಿದ್ದಿಕೊಂಡವನಿಗೆ ಬಾಯಿಬಿಟ್ಟು ಹೇಳುವ ಋಣವೇನೂ ಉಳಿಯುವುದಿಲ್ಲ. ಆದರೆ ನನ್ನ ತಪ್ಪು ನನ್ನಲ್ಲಿಯೇ ಕುಳಿತಿದೆಯೆ? ಮೂರು ವರ್ಷದ ಹಿಂದೆ ಒಂದು ಭಾಷಣಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಹೈಸ್ಕೂಲಿನ ಹುಡುಗಿಯೊಬ್ಬಳು ರಣರಂಗದ ವಿವೇಕವನ್ನು ಕುರಿತು ಸೊಗಸಾಗಿ ಮಾತನಾಡಿದಳು. ಅವಳಿಗೆ ಹೇಳಿಕೊಟ್ಟ ಮೇಷ್ಟರು ನನ್ನ ವಿದ್ಯಾರ್ಥಿ. ನಾನು ಚಪ್ಪಾಳೆ ತಟ್ಟಿ, ಎರಡನೆಯ ಬಹುಮಾನ ಕೊಟ್ಟು ಬಂದೆ.

ಒಪ್ಪಿಗೆಯ ಋಣವಿರುವುದು ಆತ್ಮಕ್ಕಲ್ಲ. ನಮ್ಮ ತಪ್ಪನ್ನು ಇನ್ನೂ ಹೊತ್ತು ನಡೆಯುತ್ತಿರುವವರಿಗೆ. ನನಗೆ ಈಗ ತೋರುತ್ತಿರುವುದು ಇದು. ಆದುದರಿಂದಲೇ ಅದು ಖಚಿತವಾಗಿರಬೇಕು, ಬಹಿರಂಗವಾಗಿರಬೇಕು. ನಮ್ಮ ಹಳೆಯ ಲಿಪಿಕಾರರು ಓಲೆಯ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುತ್ತಿದ್ದರು. ಅದು ದೊಡ್ಡ ವಿನಯ. ಮುಂದಿನ ತಪ್ಪನ್ನು ಕಾಣದೆ ಬರೆಯುವವನು ಅದಕ್ಕಿಂತ ಹೆಚ್ಚಿಗೆ ಹೇಳಲಾರ. ಆದರೆ ತಪ್ಪನ್ನು ಕಣ್ಣಾರೆ ಕಂಡವನಿಗೆ ಅಷ್ಟು ವಿನಯ ಸಾಲದು.

ಕಾಣುವುದಕ್ಕೂ ಎಷ್ಟೋ ಕಾಲ ಹಿಡಿಯಬಹುದು. ಮುಕ್ತವಾಗಿ ಹಂಚುವ ಈ ಪದ್ಧತಿಯನ್ನು ಹೊಗಳಿ ಎರಿಕ್ ರೇಮಂಡ್ ಎಂಬಾತ 1997ರಲ್ಲಿ, ಸಾಕಷ್ಟು ಕಣ್ಣುಗಳಿದ್ದರೆ ಯಾವ ದೋಷವೂ ಆಳದಲ್ಲಿ ಅಡಗಿರಲಾರದು ಎಂಬರ್ಥದ ಮಾತನ್ನು ಹೇಳಿದ. 2016ರ ಅಕ್ಟೋಬರ್‌ನಲ್ಲಿ ಬೆಳಕಿಗೆ ಬಂದ 'ಡರ್ಟಿ ಕೌ' ಎಂಬ ದೋಷ ಆ ಮಾತಿನ ಬಿಗುವನ್ನು ಸಡಿಲಿಸಿತು. ತಾಲ್ಲೂಕು ಕಚೇರಿಯಲ್ಲಿ ಮೂಲದಾಖಲೆಯನ್ನು ಕೊಡದೆ ನಕಲನ್ನು ಕೊಡುವಂತೆ, ಓದಲು ಮಾತ್ರ ಅಪ್ಪಣೆಯಿರುವ ಕಡತದ ಮೇಲೆ ಬರೆಯಹೊರಟವನಿಗೆ ಕರ್ನೆಲ್ ಒಂದು ಪ್ರತಿಯನ್ನು ಮಾಡಿಕೊಡುತ್ತದೆ. ಪ್ರತಿ ತಯಾರಾಗುತ್ತಿರುವಾಗಲೇ ಅದನ್ನು ಎಸೆದುಬಿಡೆಂದು ಪದೇ ಪದೇ ಹೇಳುತ್ತಿದ್ದರೆ, ಯಾವುದೋ ಒಂದು ಕ್ಷಣದಲ್ಲಿ ಬರಹ ಮೂಲದ ಮೇಲೆಯೇ ಬೀಳುತ್ತಿತ್ತು. ಇದನ್ನು ಬಲ್ಲ ಸಾಮಾನ್ಯ ಬಳಕೆದಾರ ಯಂತ್ರಕ್ಕೇ ಒಡೆಯನಾಗಬಹುದಿತ್ತು. 2007ರಿಂದ ಒಂಬತ್ತು ವರ್ಷ ಈ ಬಾಗಿಲು ತೆರೆದೇ ಇತ್ತು. ತಿದ್ದುಪಡಿ ಬರೆದವನು ಸ್ವತಃ ಟೋರ್ವಾಲ್ಡ್ಸ್. ಇದು ಬಹಳ ಹಳೆಯ ತಪ್ಪೆಂದೂ, ಹನ್ನೊಂದು ವರ್ಷ ಹಿಂದೆ ತಾನೇ ತಿದ್ದಲು ಹೋಗಿ ಕೆಟ್ಟದಾಗಿ ತಿದ್ದಿದ್ದೆನೆಂದೂ, ಐಬಿಎಂನ ದೊಡ್ಡ ಯಂತ್ರಗಳಲ್ಲಿ ತೊಂದರೆಯಾಗಿ ಅದನ್ನು ಹಿಂದೆಗೆದರೆಂದೂ, ಆ ಎರಡು ಹಳೆಯ ಬದಲಾವಣೆಗಳ ಗುರುತುಸಂಖ್ಯೆಗಳ ಸಹಿತ ಬರೆದಿಟ್ಟ. ಅಳಲೂ ಇಲ್ಲ, ನೆಪವೂ ಇಲ್ಲ. ಮುಂದೆ ಓದುವವನಿಗೆ ದಾರಿ ಗೊತ್ತಾಗಲೆಂಬ ಉದ್ದೇಶ ಮಾತ್ರ.

ಹಾಗೆಂದು ಅದು ಋಷ್ಯಾಶ್ರಮವೆಂದು ಯಾರೂ ತಿಳಿಯಬೇಕಾಗಿಲ್ಲ. ಅಲ್ಲಿ ದುಡಿಯುವ ಬಹುಮಂದಿಗೆ ಕಂಪನಿಗಳು ಸಂಬಳ ಕೊಡುತ್ತವೆ. ಇದೇ ಟೋರ್ವಾಲ್ಡ್ಸ್ ಇತರರ ತಪ್ಪಿಗೆ ವರ್ಷಗಟ್ಟಲೆ ಬಯ್ಗುಳದಿಂದ ಉತ್ತರ ಕೊಟ್ಟವನು. 2018ರ ಸೆಪ್ಟೆಂಬರ್‌ನಲ್ಲಿ ತನ್ನ ಆ ನಡತೆಗೆ ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರ ಉಳಿದ. ತಪ್ಪನ್ನು ತೋರಿಸಿದವನಿಗೂ ಒಪ್ಪಿಕೊಂಡವನಿಗೂ ಅವಮಾನವೇ ಸಂಭಾವನೆಯಾದರೆ, ಜನ ನಾನು ಮಾಡಿದಂತೆ ಮಾಡುತ್ತಾರೆ: ರಾತ್ರಿ ಪುಸ್ತಕ ತೆರೆದು ನೋಡಿ, ಬೆಳಿಗ್ಗೆ ಮೌನವಾಗಿರುತ್ತಾರೆ. ಅಂದು ನನ್ನನ್ನು ಹೆದರಿಸಿದ್ದು ಮೂವತ್ತು ಹುಡುಗರ ನಗು. ನಾನೂ ಅದೇ ನಗುವನ್ನು ಆ ಹುಡುಗನ ಮೇಲೆ ತಿರುಗಿಸಿದೆ.

ಇನ್ನೊಂದು ಪ್ರಕರಣ ಇದಕ್ಕಿಂತ ಭಿನ್ನ. ಮಿನ್ನೆಸೋಟ ವಿಶ್ವವಿದ್ಯಾನಿಲಯದ ಸಂಶೋಧಕರು, ಈ ಜನ ಎಷ್ಟು ಎಚ್ಚರದಿಂದಿದ್ದಾರೆಂದು ಪರೀಕ್ಷಿಸಲು, 2020ರಲ್ಲಿ ಸುಳ್ಳು ಹೆಸರುಗಳಲ್ಲಿ, ಬೇಕೆಂದೇ ತಪ್ಪಿರಿಸಿದ ತಿದ್ದುಪಡಿಗಳನ್ನು ಕಳಿಸಿದರು. ಅವು ಕರ್ನೆಲನ್ನು ಸೇರಲು ಬಿಡಲಿಲ್ಲವೆಂದು ಅವರೇ ಹೇಳಿದರು. ಆದರೂ 2021ರ ಏಪ್ರಿಲ್‌ನಲ್ಲಿ, ಹಳೆಯ ಆವೃತ್ತಿಗಳ ಪೋಷಕನಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಆ ವಿಶ್ವವಿದ್ಯಾನಿಲಯದ ಕೊಡುಗೆಯೇ ಬೇಡವೆಂದುಬಿಟ್ಟ. ಅಲ್ಲಿಂದ ಹಿಂದೆ ಬಂದಿದ್ದ ನಾನೂರಕ್ಕೂ ಹೆಚ್ಚು ಬದಲಾವಣೆಗಳನ್ನು ಮತ್ತೆ ಓದಬೇಕಾಯಿತು. ಹೆಚ್ಚಿನವು ಸರಿಯಾಗಿಯೇ ಇದ್ದವು. ಸಂಶೋಧಕರು ಕ್ಷಮೆ ಬೇಡಿದರು. ಒಂಬತ್ತು ವರ್ಷ ಉಳಿದ ತಪ್ಪನ್ನು ಕ್ಷಮಿಸಿದವರಿಗೆ ಇದೇಕೆ ಇಷ್ಟು ನೋವಾಯಿತು? ತಪ್ಪು ಯಾರಿಂದ, ಎಲ್ಲಿಂದ ಹೊರಟಿತೆಂಬ ವಿಳಾಸವೇ ಸುಳ್ಳಾದರೆ ತಿದ್ದುಪಡಿ ಹೊರಡುವುದಾದರೂ ಎಲ್ಲಿಗೆ? ಅಜ್ಞಾನದ ತಪ್ಪು ಗ್ರಂಥವನ್ನು ಕೆಡಿಸುತ್ತದೆ. ವಂಚನೆ ಅದನ್ನು ತಿದ್ದುವ ದಾರಿಯನ್ನೇ ಕೆಡಿಸುತ್ತದೆ. ನನ್ನ ಮೌನ ವಂಚನೆಯಲ್ಲವೆಂದು ಹೇಳಿಕೊಳ್ಳಲು ನನಗೆ ಆಸೆ. ಮೊದಲಿನಿಂದಲೂ ಸರಿಯಾಗಿಯೇ ಹೇಳಿದವನಂತೆ ನಟಿಸಿದ ದಿನ ಅದು ವಂಚನೆಯ ನೆರೆಮನೆಯಲ್ಲಿಯೇ ಇತ್ತು.

ಮೊನ್ನೆ ಆ ಹುಡುಗನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವನಿಗೆ ಪದ್ಯ ಮರೆತಿತ್ತು. ತರಗತಿ ನಕ್ಕದ್ದು ಮರೆತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಹೇಳಿದ್ರಿ, ಸಂತೋಷ ಸಾರ್. ಆದ್ರೆ ನನ್ನ ಹತ್ರ ಸರಿಯಾದ ಅರ್ಥ ಆಗಲೇ ಇತ್ತಲ್ಲ? ಬೇರೆಯವರಿಗೆ ಹೇಗೆ ಕಳಿಸ್ತೀರಿ?" ಎಂದ. ತಯಾರಕರು ಕೈಬಿಟ್ಟ ಹಳೆಯ ಫೋನುಗಳಿಗೆ ಯಾವ ತಿದ್ದುಪಡಿಯೂ ತಲುಪುವುದಿಲ್ಲವಂತೆ. ನನ್ನ ಹುಡುಗರು ಎಲ್ಲೆಲ್ಲಿದ್ದಾರೋ ನನಗೂ ಗೊತ್ತಿಲ್ಲ. ಹೈಸ್ಕೂಲಿನ ಆ ಮೇಷ್ಟರಿಗೆ ಕಾಗದ ಬರೆದಿದ್ದೇನೆ. ಉಳಿದವರಿಗೆ ಈ ಪುಟವೇ ಕಾಗದ.

2011ರಿಂದ 2015ರವರೆಗೆ ನನ್ನ ತರಗತಿಯಲ್ಲಿ ಕುಳಿತವರು ಯಾರಾದರೂ ಇದನ್ನು ಓದಿದರೆ, ಟಿಪ್ಪಣಿಯಲ್ಲಿ ತಿದ್ದಿಕೊಳ್ಳಿರಿ. ಆ ಯುದ್ಧದ ಪದ್ಯದಲ್ಲಿ 'ಅರಿದು' ಎಂದರೆ 'ಕತ್ತರಿಸಿ'. 'ತಿಳಿದು' ಎಂದು ಹೇಳಿದ್ದು ನನ್ನ ತಪ್ಪು. ಅದನ್ನು ತೋರಿಸಿಕೊಟ್ಟವನು ನಿಮ್ಮ ಸಹಪಾಠಿ. ಅಂದು ನೀವು ನಕ್ಕಿರಿ, ನಗಿಸಿದವನು ನಾನು. ಇದನ್ನು ನೀವು ಮತ್ತೆ ಯಾರಿಗಾದರೂ ಹೇಳಿಕೊಟ್ಟಿದ್ದರೆ ಅವರಿಗೂ ದಯವಿಟ್ಟು ತಿಳಿಸಿರಿ.