ಇಂದಿನ ಧಮ್ಮ ಚಿಂತನ: ಕೇಳಲಿಲ್ಲ, ಹೇಳಿದ್ರಿ



ಇಂದು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಭಾರತ ಹುಣ್ಣಿಮೆ ಮುಗಿದ ಮೇಲಿನ ರವಿವಾರ. ದೊಡವಾಡದಲ್ಲಿ ನಮ್ಮ ವಂದನೆಗೆ ಬರುವ ಹಿರಿಯರೊಬ್ಬರು, ನಾನು ಕಾಕಾ ಅನ್ನುವವರು, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದರೆಂದು ಯಾರೋ ಹೇಳಿದರು. ಎಲ್ಲರೆದುರಿಗೇ ನಾನು ಶುರು ಮಾಡಿದೆ. 1956ರ ನಾಗಪುರ, 22 ಪ್ರತಿಜ್ಞೆ, 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ, ಎಲ್ಲ ಬಾಯಿಪಾಠ. ಕೊನೆಗೆ "ಕಾಕಾ, ನಿಮ್ಮ ಅಜ್ಞಾನ ಇನ್ನೂ ಹೋಗಲಿಲ್ಲಲ್ರಿ" ಅಂದೆ. ಅವರು ಸುಮ್ಮನೆ ಕೂತರು. ಮುಂದಿನ ಮೂರು ರವಿವಾರ ಬರಲಿಲ್ಲ.

ಅವರ ಮೊಮ್ಮಗಳು ನನ್ನ ತರಗತಿಯಲ್ಲಿದ್ದಾಳೆ. ಅಜ್ಜ ಆರಾಮ ಅದಾರೇನವ್ವಾ ಎಂದರೆ, ಅವಳೇ ಹೇಳಿದಳು: "ಅಜ್ಜ ದೇವರಿಗೆ ಹೋಗಂಗಿಲ್ರಿ ಸರ್. ಆಯಿನ್ನ ಕರಕೊಂಡ ಬರಾಕ ಹೋಗ್ತಾರ್ರಿ." ಆಯಿ ಅಂದರೆ ಕಾಕಾರ ಅಕ್ಕ. ಸಣ್ಣವರಿದ್ದಾಗಲೇ ಮುತ್ತು ಕಟ್ಟಿಸಿಕೊಂಡವರು. ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವುದನ್ನು ಅವರು ಬಿಟ್ಟಿಲ್ಲ. ಈಗ ಮೊಣಕಾಲು ಏಳುವುದಿಲ್ಲ. ಕಾಕಾ ಬಸ್ ನಿಲ್ಲುವ ಕಡೆ ದಿನವಿಡೀ ಕೂತು, ಅಕ್ಕನನ್ನು ಮನೆಗೆ ತರುತ್ತಾರೆ.

ಅಂದು ಸಂಜೆ ಮನೆಗೆ ಹೋದೆ. "ತಪ್ಪಾತ್ರಿ ಕಾಕಾ" ಅಂದೆ. ಚಹಾ ಕೊಟ್ಟರು. "ನೀವು ಕೇಳಲಿಲ್ಲ ಸರ್, ಹೇಳಿದ್ರಿ" ಅಂದರು, ಅಷ್ಟೇ.

ಇದು ಮಾಸ್ತರಿಕೆಯ ರೋಗ. ವರ್ಷಗಟ್ಟಲೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳುತ್ತ ಬಂದಿದ್ದೇನೆ.

ವಿನಯ ಎಂಬ ಮಾತು ನಮ್ಮ ಜನಕ್ಕೆ ಹಿತವಾಗಿ ಕೇಳಿಸುವುದಿಲ್ಲ, ನನಗೂ ಕೂಡ. ಚಪ್ಪಲಿ ಕೈಯಲ್ಲಿ ಹಿಡಿದು ಊರೊಳಗೆ ನಡೆದವರ ಮಕ್ಕಳಿಗೆ ತಲೆ ತಗ್ಗಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಬಾಬಾಸಾಹೇಬರನ್ನು ನೋಡಿ. ಯಾರ ಮುಂದೆಯೂ ತಗ್ಗದ ಅವರು, ಅಸ್ಪೃಶ್ಯತೆಯ ಮೂಲದ ಬಗ್ಗೆ 1948ರಲ್ಲಿ ಬರೆದ ಗ್ರಂಥದ ಮುನ್ನುಡಿಯಲ್ಲಿ, ತಮ್ಮ ವಾದವೇ ಕೊನೆಯ ಮಾತೆಂದು ಹೇಳಿಕೊಳ್ಳುವುದಿಲ್ಲ ಎಂದರು. ಅದು ಅಂಜಿಕೆಯಲ್ಲ. ತನಗೆ ಎಲ್ಲಿಯವರೆಗೆ ಗೊತ್ತು ಎಂದು ಗೆರೆ ಎಳೆಯುವ ಧೈರ್ಯ.

ಮಜ್ಝಿಮ ನಿಕಾಯದ ಚಂಕಿ ಸುತ್ತದಲ್ಲಿ ಭಗವಾನರು ಇದನ್ನೇ ಸತ್ಯದ ರಕ್ಷಣೆ ಎನ್ನುತ್ತಾರೆ. ಇದು ನನ್ನ ನಂಬಿಕೆ ಎನ್ನಬಹುದು. ಇದೊಂದೇ ಸತ್ಯ, ಉಳಿದದ್ದೆಲ್ಲ ಸುಳ್ಳು ಎಂದು ತೀರ್ಮಾನಿಸಬಾರದು. ಈ ಸುತ್ತವನ್ನು ಇದೇ ಬಳಗಕ್ಕೆ ನಾನೇ ವಿವರಿಸಿದ್ದೆ!

ಹಾಗಾದರೆ ಗುಡ್ಡದ ಬಗ್ಗೆ ಸುಮ್ಮನಿರಬೇಕೇ? ಇಲ್ಲ. ಮುತ್ತು ಕಟ್ಟುವ ಪದ್ಧತಿ ಆ ಆಯಿಯ ಬಾಳನ್ನೇ ತಿಂದಿತು, ನಾಳೆಯೂ ಹೇಳುತ್ತೇನೆ. ಪದ್ಧತಿ ನನಗೆ ಗೊತ್ತಿತ್ತು. ಕಾಕಾ ಗೊತ್ತಿರಲಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ, ಅದೂ ಹತ್ತು ಜನರ ಮುಂದೆ ಅಂದುಬಿಟ್ಟೆ.

ಕಳೆದ ರವಿವಾರ ಕಾಕಾ ಬಂದರು. ಆಯಿಯನ್ನು ವಂದನೆಗೆ ಕರೆಯಬಹುದೇ ಎಂದು ಕೇಳಿದೆ. "ಆಕಿನ್ನ ಕೇಳಿ ಹೇಳ್ತೇನ್ರಿ" ಅಂದಿದ್ದಾರೆ.

ಜೈ ಭೀಮ್.