ಅಂಟಿಲ್ಲದ ನಂಟು

ಕುಷ್ಟಗಿಯ ಕಡೆಯ ನನ್ನ ಹಳೆಯ ಪರಿಚಿತರೊಬ್ಬರು, ನೌಕರಿಯಿಂದ ನಿವೃತ್ತರಾದ ತರುವಾಯ ಬೌದ್ಧಗ್ರಂಥಗಳ ಅನುವಾದಗಳನ್ನು ಶ್ರದ್ಧೆಯಿಂದ ಓದತೊಡಗಿದವರು, ತಮ್ಮ ಒಡಹುಟ್ಟಿದ ಅಣ್ಣ ಹಾಸಿಗೆ ಹಿಡಿದು ಮೂರು ತಿಂಗಳಾದರೂ ಅತ್ತ ಸುಳಿಯಲಿಲ್ಲ. ಕಾರಣವನ್ನು ಕೇಳಿದರೆ, ಅರೆಗಣ್ಣು ಮುಚ್ಚಿ, "ನಾ ಈಗ ಯಾವುದಕ್ಕೂ ಅಂಟಿಕೊಂಡಿಲ್ಲ ನೋಡ್ರಿ" ಎಂದುಬಿಟ್ಟರು. ಇಂತಹ ನಿರ್ಲಿಪ್ತರು ಈಗೀಗ ಊರೂರಿಗೂ ದೊರೆಯುತ್ತಾರೆ. ಕಡತದ ಮೇಲೆ ಕೈಯಿಡದ ಅಧಿಕಾರಿ, ಮಗಳ ಮದುವೆಯ ಮಾತಿಗೆ ಓಗೊಡದ ತಂದೆ, ಸಾಲವನ್ನು ಮರೆತ ಸ್ನೇಹಿತ, ಎಲ್ಲರೂ ಅದೊಂದೇ ಶಬ್ದದ ಕೊಡೆಯಡಿ ನಿಂತು ಮಳೆ ತಪ್ಪಿಸಿಕೊಳ್ಳುತ್ತಿದ್ದಾರೆ. ಶಬ್ದವಾದರೋ ಬುದ್ಧನದು, ಆದುದರಿಂದ ಆತನು ಏನನ್ನು ಬಿಡಹೇಳಿದನೆಂಬುದನ್ನು ತುಸು ಸಾವಧಾನವಾಗಿ ನೋಡುವುದು ಒಳಿತು.

ನಮ್ಮ ಕನ್ನಡವು ‘ಅಂಟುನಂಟು’ ಎಂದು ಎರಡು ಮಾತುಗಳನ್ನು ಒಂದಾಗಿ ಹೊಸೆದಿದೆ. ಆಡುವಾಗ ಅವು ಒಂದೇ ಉಸಿರಿನಲ್ಲಿ ಬಂದರೂ ಅರ್ಥದಲ್ಲಿ ಒಂದೇ ಅಲ್ಲ. ಅಂಟು ಎಂದರೆ ಮೇಣ, ಗೋಂದು, ಒಬ್ಬರಿಂದೊಬ್ಬರಿಗೆ ಹತ್ತುವ ರೋಗ. ನಂಟು ಎಂದರೆ ಬಾಂಧವ್ಯ. ನನ್ನ ಪರಿಚಿತರು ಕಡಿದದ್ದು ನಂಟನ್ನು. ಅಂಟು ಅವರಲ್ಲಿ ಹಾಗೆಯೇ ಉಳಿದಿತ್ತು ಎಂಬುದು ನನ್ನ ಆಕ್ಷೇಪ.

ಪಾಲಿ ಭಾಷೆಯಲ್ಲಿ ಈ ಅಂಟಿಗೆ ‘ಉಪಾದಾನ’ ಎಂದು ಹೆಸರು. ಆ ಶಬ್ದಕ್ಕೆ ಬಿಗಿಯಾಗಿ ಹಿಡಿಯುವುದು ಎಂಬುದೊಂದು ಅರ್ಥವಾದರೆ ಉರುವಲು ಎಂಬುದು ಇನ್ನೊಂದು. ಬುದ್ಧನು ಈ ಎರಡರ್ಥಗಳನ್ನೂ ಬೇಕೆಂದೇ ಕೂಡಿಸಿ ಬಳಸಿದನು. ಸಂಯುತ್ತನಿಕಾಯದ ಒಂದು ಸೂತ್ರದಲ್ಲಿ ಆತನು ಹತ್ತೋ, ಇಪ್ಪತ್ತೋ, ಮೂವತ್ತೋ, ನಲವತ್ತೋ ಬಂಡಿ ಕಟ್ಟಿಗೆಯ ಮಹಾ ಅಗ್ನಿಯೊಂದನ್ನು ಶಿಷ್ಯರ ಕಣ್ಣೆದುರು ನಿಲ್ಲಿಸುತ್ತಾನೆ. ಒಬ್ಬ ಮನುಷ್ಯನು ಆಗಾಗ ಬಂದು ಅದಕ್ಕೆ ಒಣ ಹುಲ್ಲು, ಒಣಗಿದ ಸಗಣಿ, ಒಣ ಕಟ್ಟಿಗೆಗಳನ್ನು ಹಾಕುತ್ತಾನೆ. ಹಾಕುತ್ತಿರುವಷ್ಟು ಕಾಲವೂ ಬೆಂಕಿ ಉರಿಯುತ್ತದೆ, ಹಾಕುವುದನ್ನು ನಿಲ್ಲಿಸಿದರೆ ಮುಂಚಿನದು ತೀರಿದಮೇಲೆ ತಾನಾಗಿ ಆರುತ್ತದೆ. ನಮ್ಮ ಹಳ್ಳಿಯ ಒಲೆಯ ಮುಂದೆ ಕುಳಿತು ಕುಳ್ಳು ಒಟ್ಟಿದ ಯಾರಿಗಾದರೂ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಆದರೆ ಈ ದೃಷ್ಟಾಂತದಲ್ಲಿ ಎರಡು ಸೂಕ್ಷ್ಮಗಳು ಅಡಗಿವೆ. ಬೆಂಕಿಗೆ ಯಾರೂ ನೀರು ಸುರಿಯುವುದಿಲ್ಲ. ಎಂದಮೇಲೆ ಪ್ರೀತಿಯನ್ನು ಹಟದಿಂದ ನಂದಿಸಿಕೊಳ್ಳುವ ಸಾಹಸಕ್ಕೂ ಬುದ್ಧನ ಉಪದೇಶಕ್ಕೂ ಸಂಬಂಧವಿಲ್ಲ. ಅದಕ್ಕಿಂತ ಮಿಗಿಲಾಗಿ, ಬೆಂಕಿಯು ತನ್ನಷ್ಟಕ್ಕೆ ಉರಿಯುತ್ತಿಲ್ಲ, ಅದನ್ನು ಸಾಕುವ ಕೈಯೊಂದಿದೆ. ಅಂಟೆಂಬುದು ಹೊರಗಿನಿಂದ ನಮಗೆ ಒದಗಿದ ಅವಸ್ಥೆಯಾಗಿರದೆ ನಾವೇ ದಿನದಿನವೂ ಬೇಸರಿಲ್ಲದೆ ಮಾಡುತ್ತಿರುವ ಕೆಲಸವಾಗಿದೆ.

ಇಲ್ಲಿ ನನ್ನ ಪರಿಚಿತರ ವೃತ್ತಾಂತದ ಉಳಿದ ಭಾಗವನ್ನೂ ಹೇಳಬೇಕು. ಅಣ್ಣತಮ್ಮಂದಿರ ನಡುವೆ ಎರೆ ಹೊಲದ ಬದುವಿನದೊಂದು ವ್ಯಾಜ್ಯವಿತ್ತು; ಮುದ್ದತಿನಿಂದ ಮುದ್ದತಿಗೆ ಅದು ಹತ್ತೊಂಬತ್ತು ವರ್ಷ ಬೆಳೆದಿತ್ತು. ಒಂದು ಮಾರು ಅಗಲದ ಬದುವಿಗೆ ಅಷ್ಟು ಕಾಲದ ಉರಿ ಎಲ್ಲಿಂದ ಬರಬೇಕು? ಇವರೇ ಆಗಾಗ ಎದ್ದು ಹೋಗಿ, ಅಣ್ಣನು ಯಾವ ಹಬ್ಬದಲ್ಲಿ ಯಾರೆದುರು ಏನಂದನೆಂಬ ಒಣ ಹುಲ್ಲನ್ನು ಹಾಕಿ ಬರುತ್ತಿದ್ದರು. ಉಪಾದಾನವು ಕಾಮ, ದೃಷ್ಟಿ, ಶೀಲವ್ರತ, ಆತ್ಮವಾದ ಎಂದು ನಾಲ್ಕು ಬಗೆ. ‘ನಾನು ನಿರ್ಲಿಪ್ತ’ನೆಂಬ ಅಭಿಪ್ರಾಯವನ್ನೇ ಬಿಗಿಹಿಡಿದವನು ದೃಷ್ಟಿಯಲ್ಲಿಯೋ ಆತ್ಮವಾದದಲ್ಲಿಯೋ ಸಿಕ್ಕಿಬಿದ್ದಿರುತ್ತಾನೆ. ಐದನೆಯ ಶತಮಾನದ ಬುದ್ಧಘೋಷನು ತನ್ನ ವಿಸುದ್ಧಿಮಗ್ಗದಲ್ಲಿ ಉಪೇಕ್ಷೆಗೆ, ಅಂದರೆ ಸಮಚಿತ್ತಕ್ಕೆ, ಎರಡು ಬಗೆಯ ವೈರಿಗಳನ್ನು ಹೇಳುತ್ತಾನೆ. ರಾಗದ್ವೇಷಗಳು ದೂರದ ವೈರಿಗಳು, ಅವು ಕಣ್ಣಿಗೆ ಕಾಣುತ್ತವೆ. ಹತ್ತಿರದ ವೈರಿಯೆಂದರೆ ಅಜ್ಞಾನದಿಂದ ಹುಟ್ಟಿದ ಜಡ ಔದಾಸೀನ್ಯ, ಅದು ಉಪೇಕ್ಷೆಯದೇ ವೇಷ ಹಾಕಿಕೊಂಡು ಜಗಲಿಯ ಮೇಲೆ ಬಂದು ಕೂರುತ್ತದೆ.

ಈ ವೇಷಕ್ಕೆ ಮರುಳಾದವರಲ್ಲಿ ಆಲ್ಬರ್ಟ್ ಶ್ವೈಟ್ಸರನಂತಹ ಮಹನೀಯನೂ ಒಬ್ಬನೆಂಬುದು ನನಗೆ ಇಂದಿಗೂ ಅಸಮಾಧಾನದ ಸಂಗತಿ. ಭಾರತೀಯ ಚಿಂತನೆಯನ್ನು ಕುರಿತು 1935ರಲ್ಲಿ ಆತನು ಬರೆದ ಜರ್ಮನ್ ಗ್ರಂಥವು ಲೋಕವನ್ನೂ ಜೀವನವನ್ನೂ ಒಪ್ಪುವ ದರ್ಶನ, ಅವುಗಳನ್ನು ನಿರಾಕರಿಸುವ ದರ್ಶನ ಎಂದು ಎರಡು ದೊಡ್ಡಿಗಳನ್ನು ಕಟ್ಟಿ ಬುದ್ಧನನ್ನು ಎರಡನೆಯದಕ್ಕೆ ಅಟ್ಟುತ್ತದೆ. ಬುದ್ಧನ ಕರುಣೆ ಉದಾತ್ತವಾದುದೇ ಸರಿ, ಆದರೆ ಅದು ಕ್ರಿಯಾಶೀಲ ಪ್ರೇಮವಾಗಿ ಕೈಗಿಳಿಯಲಿಲ್ಲ ಎಂಬುದು ಅದರ ತೀರ್ಪು. ರಾಧಾಕೃಷ್ಣನ್ ಅವರು 1939ರಲ್ಲಿ ಇದಕ್ಕೆ ವಿದ್ವತ್ಪೂರ್ಣವಾದ ಉತ್ತರವನ್ನು ಕೊಟ್ಟರು. ನನಗಾದರೋ ವಿನಯಪಿಟಕದ ಒಂದು ಪ್ರಸಂಗವೇ ಸಾಕು. ಆಫ್ರಿಕದ ಲಾಂಬರೆನೆಯಲ್ಲಿ ಆಸ್ಪತ್ರೆ ಕಟ್ಟಿ ರೋಗಿಗಳ ಸೇವೆಗೆ ನಿಂತ ವೈದ್ಯನಿಗೆ ಅದು ಎಲ್ಲರಿಗಿಂತ ಮೊದಲು ಕಾಣಬೇಕಾಗಿತ್ತು.

ಅತಿಸಾರದಿಂದ ನರಳುತ್ತಿದ್ದ ಭಿಕ್ಷುವೊಬ್ಬನು ತನ್ನದೇ ಮಲಮೂತ್ರಗಳಲ್ಲಿ ಬಿದ್ದಿದ್ದನು. ವಿಹಾರದಲ್ಲಿ ಸುತ್ತುತ್ತ ಅಲ್ಲಿಗೆ ಬಂದ ಬುದ್ಧನು ಆನಂದನಿಂದ ನೀರು ತರಿಸಿ, ತಾನು ನೀರೆರೆದು ಆನಂದನು ತೊಳೆದು, ಇಬ್ಬರೂ ತಲೆ ಕಾಲು ಹಿಡಿದೆತ್ತಿ ಅವನನ್ನು ಮಂಚದ ಮೇಲೆ ಮಲಗಿಸಿದರು. ಉಳಿದವರೇಕೆ ನೋಡಿಕೊಳ್ಳಲಿಲ್ಲವೆಂದು ವಿಚಾರಿಸಿದಾಗ ಬಂದ ಉತ್ತರವನ್ನು ಗಮನಿಸಬೇಕು: ಅವನಿಂದ ಭಿಕ್ಷುಗಳಿಗೆ ಯಾವ ಉಪಯೋಗವೂ ಇರಲಿಲ್ಲವಂತೆ. ಮನೆಮಠ ಬಿಟ್ಟು ಬಂದ ಆ ವಿರಾಗಿಗಳ ಅಲಕ್ಷ್ಯದ ತಳದಲ್ಲಿ ಇದ್ದದ್ದು ಕೊಟ್ಟುಕೊಳ್ಳುವ ಲೆಕ್ಕ, ಅರ್ಥಾತ್ ಅಂಟು. ನಿಮಗಿಲ್ಲಿ ತಾಯಿಯಿಲ್ಲ, ತಂದೆಯಿಲ್ಲ, ಒಬ್ಬರನ್ನೊಬ್ಬರು ನೀವೇ ನೋಡದಿದ್ದರೆ ಇನ್ನಾರು ನೋಡುವರು ಎಂದು ಬುದ್ಧನು ಅವರಿಗೆ ಹೇಳಿದನು. ತನ್ನ ಸೇವೆ ಮಾಡಬಯಸುವವನು ರೋಗಿಯ ಸೇವೆ ಮಾಡಲಿ ಎಂದೂ ಹೇಳಿದನು. ಗೃಹತ್ಯಾಗಿಗಳಿಗೇ ಇಂತಹ ವಿಧಿಯಿರುವಾಗ ಕುಷ್ಟಗಿಯ ಗೃಹಸ್ಥನಿಗೆ ಬೇರೊಂದು ಸೌಕರ್ಯ ಹೇಗಾದೀತು?

ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಗಳಿವೆ; ಕನ್ನಡನಾಡಿನ ನೆಲದ ಮೇಲೆ ಬೌದ್ಧಧರ್ಮವು ಆಡಿದ ಅತ್ಯಂತ ಹಳೆಯ ಮಾತುಗಳಲ್ಲಿ ಅವು ಸೇರಿವೆ. ಅಲ್ಲಿ ಚಕ್ರವರ್ತಿಯು, ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿದರೂ ಮೊದಮೊದಲು ಹೆಚ್ಚಿನ ಉದ್ಯಮ ಮಾಡಲಿಲ್ಲವೆಂದೂ, ಸಂಘವನ್ನು ಸೇರಿದಮೇಲೆ ಬಹಳವಾಗಿ ಉದ್ಯಮಿಸಿದನೆಂದೂ, ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಉದ್ಯಮದಿಂದ ಸ್ವರ್ಗವನ್ನು ಪಡೆಯಬಹುದೆಂದೂ ಒಪ್ಪಿಕೊಂಡು ಸಾರುತ್ತಾನೆ. ಉದ್ಯಮವೆಂದು ನಾನಿಲ್ಲಿ ಬರೆದ ಪ್ರಾಕೃತ ಶಬ್ದವು ಪ್ರಕ್ರಮ, ಪರಾಕ್ರಮಗಳ ಬಳಗದ್ದು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಪಾಠದಲ್ಲಿ ತಂದೆತಾಯಿಗಳ ಮಾತು ಕೇಳಬೇಕೆಂಬ ವಿಧಿಯೂ ಸೇರಿದೆ. ತಟಸ್ಥನಾಗಿ ಕುಳಿತುಬಿಡು ಎಂದು ಯಾವ ಬಂಡೆಯೂ ಹೇಳುವುದಿಲ್ಲ. (ಪಾಲ್ಕಿಗುಂಡಿನ ಬಳಿಯಲ್ಲಿಯೇ ವರಾಂಗಚರಿತದ ಕರ್ತೃ ಜಟಾಸಿಂಹನಂದಿಯ ಪಾದಗಳನ್ನೂ ಕಡೆದಿದ್ದಾರೆ. ಹಿಂದೆ ಕೊಪಣವೆನಿಸಿ ಜೈನರ ಮಹಾತೀರ್ಥವಾಗಿದ್ದ ಈ ಕೊಪ್ಪಳದಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟವರ ದಾರಿ ಬೇರೆ, ಅದರ ಕಾಠಿನ್ಯ ಬೇರೆ. ಅದನ್ನು ಈ ಮಾತಿನೊಡನೆ ಬೆರಸಲು ನನಗೆ ಧೈರ್ಯವಿಲ್ಲ.)

ಹಾಗಾದರೆ ಅಂಟಿಲ್ಲದ ನಂಟು ನಿತ್ಯದ ಬಾಳಿನಲ್ಲಿ ಹೇಗಿದ್ದೀತೆಂದು ಕೇಳುವವರಿಗೆ ನಾನು ತೋರಿಸುವುದು ಬೌದ್ಧವಾದುದನ್ನಲ್ಲ, ಶರಣರ ಮನೆಯದನ್ನು. ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆಂದು ಸುತ್ತಣ ಹಳ್ಳಿಗಳ ಹೆಂಗಸರು ಜೋಳದ ರೊಟ್ಟಿ ಬಡಿದು ಕಳುಹಿಸುವುದನ್ನು ಈ ಸೀಮೆಯವರೆಲ್ಲರೂ ಬಲ್ಲರು. ಒಂದು ವರ್ಷ ಯಲಬುರ್ಗಾ ತಾಲೂಕಿನ ಹಳ್ಳಿಯೊಂದರಲ್ಲಿ ಒಲೆಯ ಮುಂದೆ ಕುಳಿತ ಹಿರಿಯಳೊಬ್ಬಳು ಹಾಳೆಯಷ್ಟು ತೆಳ್ಳಗೆ ಬಡಿಯುತ್ತಿದ್ದುದನ್ನು ಕಂಡು, "ಯಾರು ತಿಂತಾರೋ ಏನೋ, ಇಷ್ಟು ತೆಳ್ಳಗ ಯಾಕವ್ವಾ?" ಎಂದು ಕೇಳಿದೆನು. ಆಕೆ ತಲೆಯೆತ್ತದೆ, "ತಿನ್ನೋರ ಹೆಸರು ಗೊತ್ತಿಲ್ಲಂತ ದಪ್ಪ ಬಡೀಲೇನ್ರಿ ಅಣ್ಣಾರ?" ಎಂದು, ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿ, ಹೊಗೆಗೆ ಅಡ್ಡವಾಗಿ ನಿಂತಿದ್ದ ನನ್ನನ್ನು ಸರಿಯಹೇಳಿ, ಒಲೆಗೆ ಇನ್ನೆರಡು ಕುಳ್ಳು ಒಟ್ಟಿದಳು.