ತೋಟಾ ಏಕೆ ಏರುವುದಿಲ್ಲ: ಕಿರು ಪಿಸ್ತೂಲು ಪಳಗಿಸುವ ಮೀಮಾಂಸೆ

ಹೊಸದಾಗಿ ಕೊಂಡ ಪಿಸ್ತೂಲು ಮೊದಲ ಮ್ಯಾಗಜೀನ್ ಖಾಲಿಯಾಗುವ ಮುನ್ನವೇ ಸಿಕ್ಕಿಕೊಂಡು ನಿಂತರೆ, ಅಂಗಡಿಯವನೂ ರೇಂಜಿನಲ್ಲಿ ಪಕ್ಕದ ಸಾಲಿನಲ್ಲಿ ನಿಂತವನೂ ಹೇಳುವ ಮಾತು ಒಂದೇ: ಇನ್ನೂ ಪಳಗಿಲ್ಲ, ಇನ್ನೂರು ಗುಂಡು ಹೊಡೆಯಿರಿ, ತಾನಾಗಿ ಸರಿಹೋಗುತ್ತದೆ. ಅಮೆರಿಕದಲ್ಲಿ ಜೇಬಿಗೋ ಸೊಂಟಕ್ಕೋ ಒಗ್ಗುವಂತೆ ಮಾಡಿದ 9 ಎಂಎಂ ಕಿರು ಪಿಸ್ತೂಲುಗಳ ವಿಷಯದಲ್ಲಿ ಇದು ಹೆಚ್ಚುಕಡಿಮೆ ಶಾಸ್ತ್ರವಾಕ್ಯ. ಆಧಾರವಿಲ್ಲದ ಮಾತೂ ಅಲ್ಲ. ಕಾರ್ ಆರ್ಮ್ಸ್ ಕಂಪನಿ ತನ್ನ ಕೈಪಿಡಿಯಲ್ಲಿಯೇ, 200 ಗುಂಡು ಹಾರಿಸುವ ತನಕ ಈ ಪಿಸ್ತೂಲನ್ನು ಆತ್ಮರಕ್ಷಣೆಗೆ ನೆಚ್ಚಬೇಡಿ ಎಂದು ಸೂಚಿಸುತ್ತದೆ. ಹೀಗೆ ಅಂಕಿ ಹಾಕಿ ಹೇಳದ ತಯಾರಕರೂ ಇದ್ದಾರೆ.

ಸಂಶಯ ಹುಟ್ಟುವುದು ಇಲ್ಲಿ. ಆ ಇನ್ನೂರು ಗುಂಡು ಚಿಕಿತ್ಸೆಯೋ, ಪರೀಕ್ಷೆಯೋ? ಚಿಕಿತ್ಸೆ ಎನ್ನುವವನು ನಡುವೆ ಪಿಸ್ತೂಲು ಎಷ್ಟು ಸಲ ನಿಂತರೂ ತಲೆಕೆಡಿಸಿಕೊಳ್ಳದೆ ಹೊಡೆಯುತ್ತ ಹೋಗುತ್ತಾನೆ. ಪರೀಕ್ಷೆ ಎನ್ನುವವನು ಪ್ರತಿ ನಿಲುಗಡೆಯನ್ನೂ ಬರೆದಿಟ್ಟುಕೊಳ್ಳುತ್ತಾನೆ. ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ: ಮುಕ್ಕಾಲು ಪಾಲು ಪರೀಕ್ಷೆ, ಕಾಲು ಪಾಲು ಚಿಕಿತ್ಸೆ. ಆ ಕಾಲು ಪಾಲನ್ನೇ ಪೂರ್ತಿ ಎಂದು ನಂಬಿದವರ ಪಿಸ್ತೂಲುಗಳು ಐನೂರನೆಯ ಗುಂಡಿನಲ್ಲೂ ನಿಲ್ಲುತ್ತಿರುತ್ತವೆ.

ಯಂತ್ರ ಏನು ಮಾಡುತ್ತದೆಂದು ತಿಳಿಯದೆ ವಾದ ಮುಂದೆ ಹೋಗದು. ಗುಂಡು ಹಾರಿದಾಗ ಸ್ಲೈಡ್ ಮತ್ತು ನಳಿಕೆ ಒಂದಕ್ಕೊಂದು ಬಿಗಿದುಕೊಂಡೇ ಸ್ವಲ್ಪ ದೂರ ಹಿಂದೆ ಸರಿಯುತ್ತವೆ. ಆಮೇಲೆ ನಳಿಕೆಯ ಹಿಂಬದಿ ಕೆಳಗೆ ಬಾಗಿ ಬಿಗಿತ ಬಿಡುತ್ತದೆ. ಸ್ಲೈಡ್ ಒಂದೇ ಹಿಂದೆ ಓಡುತ್ತ, ಎಕ್ಸ್‌ಟ್ರ್ಯಾಕ್ಟರ್ ಎಂಬ ಕೊಕ್ಕೆಯಿಂದ ಖಾಲಿ ಕೋಶವನ್ನು ಎಳೆದು ಹೊರಗೆ ಎಸೆಯುತ್ತದೆ. ಇದೆಲ್ಲ ಜಾನ್ ಬ್ರೌನಿಂಗ್ ಹಾಕಿಕೊಟ್ಟ ದಾರಿ. ಸ್ಲೈಡ್ ಮ್ಯಾಗಜೀನಿನ ಬಾಯಿಯನ್ನು ದಾಟಿ ಹಿಂದೆ ಹೋದ ಆ ಕ್ಷಣದಲ್ಲಿ ಮ್ಯಾಗಜೀನ್ ಸ್ಪ್ರಿಂಗ್ ಮುಂದಿನ ತೋಟಾವನ್ನು ಮೇಲಕ್ಕೆ ತಳ್ಳಿ ಮುಗಿಸಿರಬೇಕು. ರಿಕಾಯಿಲ್ ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ದಬ್ಬಿದಾಗ ಅದು ತೋಟಾದ ಹಿಂಬದಿಗೆ ತಾಗಿ ಅದನ್ನು ಮ್ಯಾಗಜೀನಿನ ತುಟಿಗಳಿಂದ ಬಿಡಿಸುತ್ತದೆ. ತೋಟಾದ ಮೂತಿ ಫೀಡ್ ರ‍್ಯಾಂಪ್ ಎಂಬ ಇಳಿಜಾರಿಗೆ ಬಡಿದು ಮೇಲೇರಿ ಚೇಂಬರಿನೊಳಗೆ ನುಗ್ಗುತ್ತದೆ, ಅದೇ ಹೊತ್ತಿಗೆ ಹಿಂಬದಿಯ ಅಂಚು ಕೊಕ್ಕೆಯ ಕೆಳಗೆ ಜಾರಿ ಕೂರುತ್ತದೆ. ಕಣ್ಣೆವೆ ಇಕ್ಕುವುದರೊಳಗೆ ಎಲ್ಲ ಮುಗಿದಿರುತ್ತದೆ.

ಕಿರು ಪಿಸ್ತೂಲಿನಲ್ಲಿ ಸ್ಲೈಡ್ ಚಿಕ್ಕದು, ಹಗುರ, ಆದರೆ ತೋಟಾದ ಶಕ್ತಿ ದೊಡ್ಡ ಪಿಸ್ತೂಲಿನದ್ದೇ. ಆದ್ದರಿಂದ ಸ್ಲೈಡ್ ಹೆಚ್ಚು ವೇಗವಾಗಿ ಓಡುತ್ತದೆ. ಓಡಲು ಜಾಗವೂ ಕಡಿಮೆ. ಅದನ್ನು ತಡೆಯಲು ಗಡುಸಾದ ರಿಕಾಯಿಲ್ ಸ್ಪ್ರಿಂಗ್ ಬೇಕು, ಅದು ಸ್ಲೈಡನ್ನು ಅಷ್ಟೇ ರಭಸದಿಂದ ಮರಳಿ ತಳ್ಳುತ್ತದೆ. ಇಷ್ಟೆಲ್ಲದರ ನಡುವೆ ಮ್ಯಾಗಜೀನಿಗೆ ತೋಟಾ ಎತ್ತಿಕೊಡಲು ಸಿಗುವ ಸಮಯ ಕಿರಿದಾಗುತ್ತ ಹೋಗುತ್ತದೆ. ದೊಡ್ಡ ಪಿಸ್ತೂಲು ಸಣ್ಣಪುಟ್ಟ ಒರಟುತನವನ್ನು ಸಹಿಸಿಕೊಳ್ಳುವುದು ಅದರ ಬಳಿ ಸಮಯವೂ ತೂಕವೂ ಮಿಕ್ಕಿರುವುದರಿಂದ. ಕಿರಿಯದರ ಬಳಿ ಎರಡೂ ಇಲ್ಲ.

ಆಕ್ಷೇಪ ಬರುತ್ತದೆ. 1911ರ ಮಾರ್ಚಿನಲ್ಲಿ ಅಮೆರಿಕದ ಸೇನೆ ನಡೆಸಿದ ಪರೀಕ್ಷೆಯಲ್ಲಿ ಬ್ರೌನಿಂಗನ ಕೋಲ್ಟ್ ಪಿಸ್ತೂಲು 6000 ಗುಂಡು ಹಾರಿಸಿಯೂ ಒಮ್ಮೆಯೂ ಕೆಡಲಿಲ್ಲ. ಕಾದಾಗ ನೀರಿನಲ್ಲಿ ಅದ್ದಿ ತಣಿಸಿ ಮತ್ತೆ ಹೊಡೆದರು. ಎದುರಾಳಿ ಸ್ಯಾವೇಜ್ ಕಂಪನಿಯ ಪಿಸ್ತೂಲು ಹಲವು ಬಾರಿ ನಿಂತಿತು. ನೂರು ವರ್ಷದ ಹಿಂದೆಯೇ ಇದು ಸಾಧ್ಯವಾಗಿದ್ದರೆ ಇಂದಿನ ತಯಾರಕ ಗಿರಾಕಿಯ ಖರ್ಚಿನಲ್ಲಿ ಪಿಸ್ತೂಲು ಪಳಗಿಸುವುದು ಕಳಪೆ ಕೆಲಸಕ್ಕೆ ಕೊಟ್ಟ ಸಭ್ಯ ಹೆಸರಲ್ಲವೇ?

ಈ ಆಕ್ಷೇಪ ಅರ್ಧ ಸತ್ಯ. ಆ ಪಿಸ್ತೂಲಿಗೆ 5 ಇಂಚಿನ ನಳಿಕೆ, ಭಾರವಾದ ಉಕ್ಕಿನ ಸ್ಲೈಡ್, ಧಾರಾಳ ಸಡಿಲ. ತಿನ್ನಬೇಕಾಗಿದ್ದುದು ಉರುಟು ಮೂತಿಯ ಒಂದೇ ಬಗೆಯ ತೋಟಾ. ಅದೇ ವಿನ್ಯಾಸವನ್ನು ಕೋಲ್ಟ್ 1985ರಲ್ಲಿ ಆಫೀಸರ್ಸ್ ಎಸಿಪಿ ಎಂದು 3.5 ಇಂಚಿಗೆ ಇಳಿಸಿದಾಗ ಸ್ಪ್ರಿಂಗು, ನಳಿಕೆ ಬಾಗುವ ಕೋನ, ಮುಂದಿನ ಬುಶಿಂಗ್ ಎಲ್ಲವನ್ನೂ ಹೊಸದಾಗಿ ಯೋಚಿಸಬೇಕಾಯಿತು. ಉದ್ದ ಕತ್ತರಿಸಿದರೆ ಸಾಲದು, ಕಾಲವೂ ಕತ್ತರಿಸಿಹೋಗುತ್ತದೆ. ಆದರೆ ಆಕ್ಷೇಪದ ಉಳಿದರ್ಧವನ್ನು ನಾನು ಒಪ್ಪುತ್ತೇನೆ. ‘ಪಳಗಿಲ್ಲ’ ಎಂಬ ಮಾತಿನ ಮರೆಯಲ್ಲಿ ನಿಜವಾದ ದೋಷಗಳು ಅಡಗಿಕೊಳ್ಳುವುದುಂಟು.

ಇನ್ನೊಬ್ಬ ಪೂರ್ವಪಕ್ಷಿ ದೃಷ್ಟಾಂತ ಹಿಡಿದು ಬರುತ್ತಾನೆ: ಹೊಸ ಚಪ್ಪಲಿ ಕಚ್ಚುತ್ತದೆ, ನಾಲ್ಕು ದಿನ ಮೆಟ್ಟಿದರೆ ಹೊಂದುತ್ತದೆ, ಇದೂ ಹಾಗೆಯೇ. ದೃಷ್ಟಾಂತ ಸರಿಹೊಂದಬೇಕಾದರೆ ಹೊಂದುವ ವಸ್ತು ಎರಡೂ ಕಡೆ ಇರಬೇಕು. ಚಪ್ಪಲಿಯ ಚರ್ಮ ಪೂರ್ತಿ ಮೆದುವಾಗುತ್ತದೆ. ಪಿಸ್ತೂಲಿನಲ್ಲಿ ಬದಲಾಗುವುದು ಕೆಲವೇ ಅಂಶ: ಸ್ಲೈಡ್ ಓಡುವ ಹಳಿಗಳ ಮೇಲೆ ಉಳಿದ ಉಪಕರಣದ ಗೀರುಗಳು ಉಜ್ಜಿ ನಯವಾಗುತ್ತವೆ, ಕೊಕ್ಕೆಯ ಅಂಚಿನ ಮುಳ್ಳು ಸವೆಯುತ್ತದೆ, ಹೊಸ ರಿಕಾಯಿಲ್ ಸ್ಪ್ರಿಂಗ್ ಮೊದಲ ಓಟಗಳಲ್ಲಿ ಕೂದಲೆಳೆಯಷ್ಟು ಕುಗ್ಗಿ ನೆಲೆಗೊಳ್ಳುತ್ತದೆ. ಮ್ಯಾಗಜೀನ್ ಸ್ಪ್ರಿಂಗೂ ಹೀಗೆಯೇ. ಕೊನೆಯ ತೋಟಾ ತುಂಬಲು ಹೆಬ್ಬೆರಳು ನೋಯಿಸುವ ಹೊಸ ಮ್ಯಾಗಜೀನನ್ನು ತುಂಬಿ ಕೆಲ ದಿನ ಇಟ್ಟರೆ ಸ್ವಲ್ಪ ಸಡಿಲವಾಗುತ್ತದೆ. ಆದರೆ ಬಾಗಿದ ಮ್ಯಾಗಜೀನ್ ತುಟಿ, ತಪ್ಪು ಕೋನದಲ್ಲಿ ಕೊರೆದ ರ‍್ಯಾಂಪ್, ಅಳತೆಗಿಂತ ಕಿರಿದಾದ ಚೇಂಬರ್, ಅತಿ ಬಿಗಿಯಾದ ಕೊಕ್ಕೆ, ಇವು ಇನ್ನೂರು ಗುಂಡಿಗೂ ಬಗ್ಗುವುದಿಲ್ಲ, ಎರಡು ಸಾವಿರಕ್ಕೂ ಬಗ್ಗುವುದಿಲ್ಲ. ಘರ್ಷಣೆಯ ದೋಷ ಸವೆದು ಹೋಗುತ್ತದೆ, ಆಕಾರದ ದೋಷ ಹೋಗುವುದಿಲ್ಲ. ಸವೆಯುವ ದೋಷಕ್ಕೆ ಒಂದು ಗುರುತೂ ಇದೆ: ನಿಲುಗಡೆಗಳು ಮೊದಲ ಐವತ್ತರಲ್ಲಿ ಗುಂಪಾಗಿ ಬಂದು ಆಮೇಲೆ ವಿರಳವಾಗುತ್ತವೆ. ಒಂದೇ ಗತಿಯಲ್ಲಿ ಬರುತ್ತಿದ್ದರೆ ಕಾಯುವುದು ವ್ಯರ್ಥ.

ಹಾಗಾದರೆ ದೋಷ ಎಲ್ಲಿದೆಯೆಂದು ತಿಳಿಯುವ ಬಗೆ? ನಮ್ಮ ತಾರ್ಕಿಕರು ಕೊಟ್ಟ ಅನ್ವಯ-ವ್ಯತಿರೇಕಕ್ಕಿಂತ ಒಳ್ಳೆಯ ಉಪಕರಣ ನನಗೆ ಕಂಡಿಲ್ಲ: ಇದು ಇದ್ದಾಗ ಅದು ಇದೆಯೇ, ಇದು ಇಲ್ಲದಾಗ ಅದೂ ಇಲ್ಲವೇ? ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಎರಡು ಮ್ಯಾಗಜೀನಿಗೆ 1, 2 ಎಂದು ಗುರುತು ಹಾಕಿ. 1ರಲ್ಲಿ ಮಾತ್ರ ನಿಲ್ಲುತ್ತಿದ್ದರೆ ಪಿಸ್ತೂಲು ನಿರ್ದೋಷಿ. ಎರಡರಲ್ಲೂ ನಿಂತು, ತೋಟಾ ಬದಲಿಸಿದಾಗ ನಿಲ್ಲದಿದ್ದರೆ ತೋಟಾ. ಎಲ್ಲ ಬದಲಿಸಿದರೂ ನಿಂತು, ಬೇರೊಬ್ಬರ ಕೈಯಲ್ಲಿ ನಿಲ್ಲದಿದ್ದರೆ ಕೈ. ಜನ ಮಾಡುವುದು ಇದರ ತದ್ವಿರುದ್ಧ. ಒಂದೇ ಸಂಜೆ ಸ್ಪ್ರಿಂಗ್ ಬದಲಿಸಿ, ಎಣ್ಣೆ ಬದಲಿಸಿ, ದುಬಾರಿ ತೋಟಾ ತಂದು, ಸರಿಹೋದಾಗ ಯಾವುದರಿಂದ ಸರಿಹೋಯಿತೆಂದು ಹೇಳಲಾರದೆ ಕೂರುತ್ತಾರೆ.

ನಿಂತ ಜಾಗವನ್ನು ನೋಡದೆ ತಕ್ಷಣ ಸ್ಲೈಡ್ ಎಳೆದುಬಿಡುವುದು ಸಾಕ್ಷಿಯನ್ನು ಅಳಿಸಿದಂತೆ. ಬೆರಳು ಟ್ರಿಗರಿನಿಂದ ಹೊರಗೆ, ನಳಿಕೆಯ ಬಾಯಿ ಗುರಿಯ ಕಡೆಗೇ ಇಟ್ಟುಕೊಂಡು ಒಂದು ಗಳಿಗೆ ನೋಡಬೇಕು. ತೋಟಾದ ಮೂತಿ ರ‍್ಯಾಂಪಿನ ಕೆಳಭಾಗಕ್ಕೆ ಕುಟ್ಟಿ ನಿಂತಿದ್ದರೆ ಮೊದಲ ಅನುಮಾನ ಮ್ಯಾಗಜೀನಿನ ಮೇಲೆ: ಸ್ಪ್ರಿಂಗ್ ಸಾಕಷ್ಟು ಬೇಗ ಎತ್ತಿಲ್ಲ, ತೋಟಾಗಳನ್ನು ಕೆಳಗಿನಿಂದ ಹೊತ್ತ ಫಾಲೋವರ್ ಎಂಬ ತಟ್ಟೆ ಓರೆಯಾಗಿದೆ, ಅಥವಾ ಮ್ಯಾಗಜೀನೇ ಪೂರ್ತಿ ಒಳಗೆ ಕೂತಿಲ್ಲ. ಎರಡನೆಯದು ಗುಂಡಿನ ಮೂತಿಯ ಆಕಾರ. ಅಗಲ ಬಾಯಿಯ ಹಾಲೋ ಪಾಯಿಂಟ್ ಒಂದು ರ‍್ಯಾಂಪಿನ ಮೇಲೆ ಹತ್ತಿದರೆ ಇನ್ನೊಂದರ ಮೇಲೆ ಮುಗ್ಗರಿಸುತ್ತದೆ. ತೋಟಾ ಅರ್ಧ ಒಳಹೊಕ್ಕು, ಮೂತಿ ಚೇಂಬರಿನ ಮೇಲ್ಭಾಗಕ್ಕೆ ಒತ್ತಿ, ಓರೆಯಾಗಿ ಸಿಕ್ಕಿಕೊಂಡಿದ್ದರೆ ಹಿಂಬದಿಯ ಅಂಚು ಕೊಕ್ಕೆಯ ಕೆಳಗೆ ಜಾರುತ್ತಿಲ್ಲ ಎಂದರ್ಥ. ಕೊಕ್ಕೆ ಬಿಗಿ, ಅಥವಾ ಅದರ ಅಡಿಯಲ್ಲಿ ಕೊಳೆ. ಸ್ಲೈಡ್ ಮುಚ್ಚಲು ಎರಡು ಮಿಲಿಮೀಟರು ಮಾತ್ರ ಉಳಿದಿದ್ದರೆ ಚೇಂಬರ್ ಕೊಳೆಯಾಗಿದೆ, ಇಲ್ಲವೇ ತೋಟಾ ಅಳತೆ ಮೀರಿದೆ. 9 ಎಂಎಂ ತೋಟಾದ ಒಟ್ಟು ಉದ್ದ 29.69 ಮಿಲಿಮೀಟರು ದಾಟಬಾರದು. ನಳಿಕೆಯನ್ನು ಬಿಚ್ಚಿ ತೆಗೆದು ಚೇಂಬರಿನೊಳಗೆ ತೋಟಾ ಬಿಟ್ಟರೆ ಅದು ಟಣ್ ಎಂದು ಕೂತು, ತಲೆಕೆಳಗು ಮಾಡಿದಾಗ ತಾನೇ ಜಾರಿ ಬೀಳಬೇಕು. ಕೈಯಿಂದ ತುಂಬಿದ ತೋಟಾಗಳಿಗೆ ಈ ಪರೀಕ್ಷೆ ತಪ್ಪಿಸಲೇಬಾರದು.

ಸ್ಲೈಡ್ ಪೂರ್ತಿ ಮುಚ್ಚಿ, ಚೇಂಬರ್ ಮಾತ್ರ ಖಾಲಿ ಎಂದಾದರೆ ಸ್ಲೈಡ್ ಸಾಕಷ್ಟು ಹಿಂದೆ ಹೋಗಿಲ್ಲ ಅಥವಾ ಮ್ಯಾಗಜೀನ್ ಹೊತ್ತಿಗೆ ಸರಿಯಾಗಿ ಎತ್ತಿಲ್ಲ. ತೋಟಾ ಉಳಿದಿರುವಾಗಲೇ ಸ್ಲೈಡ್ ತೆರೆದು ಲಾಕ್ ಆದರೆ ಬಹುಮಟ್ಟಿಗೆ ಹೊಡೆಯುವವನ ಹೆಬ್ಬೆರಳು ಸ್ಲೈಡ್ ಸ್ಟಾಪಿಗೆ ತಾಗುತ್ತಿರುತ್ತದೆ. ಕೆಲವೊಮ್ಮೆ ಗುಂಡಿನ ಮೂತಿಯೇ ಒಳಗಿನಿಂದ ಅದನ್ನು ಮೇಲೆತ್ತುತ್ತದೆ. ಖಾಲಿ ಕೋಶ ಕಿಟಕಿಯಲ್ಲಿ ಕೊಳವೆಯಂತೆ ನೆಟ್ಟಗೆ ನಿಲ್ಲುವುದು, ಖಾಲಿ ಕೋಶ ಚೇಂಬರಿನಲ್ಲೇ ಉಳಿದು ಅದರ ಹಿಂದೆ ಹೊಸತೊಂದು ಬಂದು ಗುದ್ದುವುದು, ಇವು ತೋಟಾ ಏರುವ ದೋಷಗಳಲ್ಲ, ಹೊರಹಾಕುವ ದೋಷಗಳು. ಇವಕ್ಕೆ ಮ್ಯಾಗಜೀನ್ ಬದಲಿಸಿ ಪ್ರಯೋಜನವಿಲ್ಲ. ಸದ್ದು ಎಂದಿನಂತಿರದೆ ಪುಸ್ಸೆಂದರೆ ಅಲ್ಲಿಗೇ ನಿಲ್ಲಿಸಬೇಕು, ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು. ಆಗ ಇನ್ನೊಂದು ಹೊಡೆಯುವುದು ಪ್ರಾಣಕ್ಕೇ ಕುತ್ತು.

ಕೈಯ ದೋಷ ಎಂದ ಕೂಡಲೇ ಮುಖ ಸಿಂಡರಿಸುವವರುಂಟು. ಹಣ ಕೊಟ್ಟು ತಂದ ಯಂತ್ರ ಕೆಟ್ಟರೆ ಕೊಂಡವನನ್ನೇ ದೂರುವುದು ಎಲ್ಲ ತಯಾರಕರ ಹಳೆಯ ಚಾಳಿ ಎಂಬ ಆಕ್ಷೇಪ ಅವರದು. ಚಾಳಿ ನಿಜ. ಆದರೆ ಭೌತಶಾಸ್ತ್ರವೂ ನಿಜ. ಸ್ಲೈಡ್ ಹಿಂದೆ ಓಡುವುದು ಚೌಕಟ್ಟಿಗೆ ಹೋಲಿಸಿದರೆ ಮಾತ್ರ. ಹಗುರ ಪಾಲಿಮರ್ ಚೌಕಟ್ಟನ್ನು ಸಡಿಲ ಮಣಿಕಟ್ಟಿನಲ್ಲಿ ಹಿಡಿದರೆ ಚೌಕಟ್ಟೂ ಸ್ಲೈಡಿನ ಜೊತೆಗೇ ಹಿಂದೆ ಬಂದು, ಸ್ಪ್ರಿಂಗನ್ನು ಪೂರ್ತಿ ಅದುಮುವಷ್ಟು ಅಂತರವೇ ಉಳಿಯುವುದಿಲ್ಲ. ಮೊದಲ ತೋಟಾ ಏರಿಸುವಾಗ ಸ್ಲೈಡನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದೆ ಬಿಡುವುದೂ ಇಂಥದೇ ತಪ್ಪು. ಅದಕ್ಕೇ ಕಾರ್ ಕಂಪನಿಯ ಕೈಪಿಡಿ ಸ್ಲೈಡ್ ಸ್ಟಾಪ್ ಒತ್ತಿಯೇ ಬಿಡಿ ಎನ್ನುತ್ತದೆ. ನುರಿತ ಇಬ್ಬರು ಹೊಡೆದರೂ ನಿಂತರೆ ಮಾತ್ರ ಕೈಯ ವಾದ ಬಿದ್ದುಹೋಗುತ್ತದೆ, ಆಗ ತಯಾರಕನೇ ಉತ್ತರ ಕೊಡಬೇಕು.

ಮನೆಯಲ್ಲೇ ರ‍್ಯಾಂಪ್ ಉಜ್ಜಿ ಕನ್ನಡಿಯಂತೆ ಮಾಡಿದರಾಗದೇ, ಹೇಗೂ ಇನ್ನೂರು ಗುಂಡು ಮಾಡುವುದು ಅದನ್ನೇ ತಾನೆ ಎಂಬುದು ಜಾಣರ ಆಕ್ಷೇಪ. ತಿರುಗುವ ಉಪಕರಣ ಹಿಡಿದ ಕೈಗೆ ನಯ ಮಾಡುವುದಕ್ಕೂ ಕೊರೆಯುವುದಕ್ಕೂ ನಡುವಿನ ಗೆರೆ ಕಾಣುವುದಿಲ್ಲ. ರ‍್ಯಾಂಪಿನ ಕೋನ ಬದಲಾದರೆ ತೋಟಾ ಇನ್ನೂ ಕೆಟ್ಟದಾಗಿ ಏರುತ್ತದೆ. ಚೇಂಬರಿನ ಬಾಯಿ ಹಿಂದೆ ಸರಿದರೆ ಕೋಶದ ಬುಡಕ್ಕೆ ಆಸರೆ ತಪ್ಪಿ, ಗುಂಡು ಹಾರುವ ಒತ್ತಡದಲ್ಲಿ ಅದು ಒಡೆಯಬಹುದು. ಅಲ್ಯೂಮಿನಿಯಂ ಚೌಕಟ್ಟಾದರೆ ಮೇಲಿನ ಗಟ್ಟಿ ಪದರವೇ ಕಿತ್ತು ಹೋಗುತ್ತದೆ. ಇದು ವಾರಂಟಿ ಇರುವವನು ಮಾಡುವ ಕೆಲಸವಲ್ಲ, ಇಲ್ಲದವನೂ ಬಂದೂಕು ಕಮ್ಮಾರನಿಗೆ ಬಿಡುವುದು ಲೇಸು. ಮನೆಯಲ್ಲಿ ಮಾಡಬೇಕಾದದ್ದು ಬೇರೆ: ಮೊದಲು ಪಿಸ್ತೂಲು ಖಾಲಿ ಇದೆಯೆಂದು ಎರಡೆರಡು ಸಲ ನೋಡಿ, ಬಿಚ್ಚಿ, ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಂತೆ ಹಚ್ಚಿದ ಗ್ರೀಸು ಒರೆಸಿ, ಹಳಿಗಳಿಗೆ ತೆಳುವಾಗಿ ಎಣ್ಣೆ ಹಚ್ಚಬೇಕು. ಚೇಂಬರಿಗೂ ಮ್ಯಾಗಜೀನಿನ ಒಳಗೂ ಎಣ್ಣೆ ಬೇಡ. ಕೈಯಿಂದ ಓಡಿಸಿ ನೋಡಬೇಕೆಂದರೆ ಡಮ್ಮಿ ತೋಟಾ ಬಳಸಿ. ಜೀವಂತ ತೋಟಾವನ್ನೇ ಮತ್ತೆ ಮತ್ತೆ ಏರಿಸಿದರೆ ಮೂತಿ ರ‍್ಯಾಂಪಿಗೆ ಬಡಿದು ಗುಂಡು ಕೋಶದೊಳಗೆ ಕುಸಿಯುತ್ತದೆ, ಒತ್ತಡ ಅಪಾಯಕಾರಿಯಾಗಿ ಏರುತ್ತದೆ.

ಇನ್ನು ಇನ್ನೂರೇ ಏಕೆ, ಐವತ್ತರ ಒಂದು ಡಬ್ಬಿ ಸಾಲದೇ ಎಂಬ ಪ್ರಶ್ನೆ. ಇದಕ್ಕೆ ಗಣಿತವೇ ಉತ್ತರ. ನೂರಕ್ಕೆ ಒಂದು ಸಲ ನಿಲ್ಲುವ ದೋಷವಿರುವ ಪಿಸ್ತೂಲು ಐವತ್ತು ಗುಂಡನ್ನು ನಿಲ್ಲದೆ ಹಾರಿಸಿಬಿಡುವ ಸಂಭವ ಶೇಕಡ 60. ಅಂದರೆ ಒಂದು ಡಬ್ಬಿಯ ಪರೀಕ್ಷೆ ಕೆಟ್ಟ ಪಿಸ್ತೂಲನ್ನು ಹಿಡಿಯುವುದಕ್ಕಿಂತ ಬಿಡುವುದೇ ಹೆಚ್ಚು. ಇನ್ನೂರಕ್ಕೆ ಏರಿಸಿದರೆ ತಪ್ಪಿಸಿಕೊಳ್ಳುವ ಸಂಭವ ಶೇಕಡ 13ಕ್ಕೆ ಇಳಿಯುತ್ತದೆ. ಇನ್ನೂರು ಸಲೀಸಾಗಿ ಹೋಯಿತೆಂದರೆ, ದೋಷದ ಪ್ರಮಾಣ ಶೇಕಡ ಒಂದೂವರೆಗಿಂತ ಕಡಿಮೆ ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು, ಅದಕ್ಕಿಂತ ಹೆಚ್ಚೇನೂ ಅಲ್ಲ. ಆದ್ದರಿಂದ ನಡುವೆ ಒಮ್ಮೆ ನಿಂತರೆ, ಕಾರಣ ಕಂಡು ಸರಿಪಡಿಸಿ ಎಣಿಕೆಯನ್ನು ಸೊನ್ನೆಯಿಂದ ಶುರುಮಾಡಬೇಕು. ಪಳಗಿಸುವಿಕೆಯನ್ನು ಚಿಕಿತ್ಸೆ ಎಂದುಕೊಂಡವನಿಗೆ ಈ ನಿಯಮ ಶಿಕ್ಷೆಯಂತೆ ಕಾಣುತ್ತದೆ.

ಖರ್ಚಿನ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆತ್ಮರಕ್ಷಣೆಯ ಹಾಲೋ ಪಾಯಿಂಟ್ ಸಾಮಾನ್ಯವಾಗಿ ಇಪ್ಪತ್ತರ ಡಬ್ಬಿಯಲ್ಲಿ, ಅಭ್ಯಾಸದ ತೋಟಾಕ್ಕಿಂತ ಹೆಚ್ಚು ಬೆಲೆಗೆ ಬರುತ್ತದೆ. ಎಲ್ಲ ಇನ್ನೂರನ್ನೂ ಅದರಲ್ಲೇ ಹೊಡೆಯಿರೆಂದು ಹೇಳಲಾರೆ. ಉರುಟು ಮೂತಿಯ ಅಗ್ಗದ ತೋಟಾದಿಂದ ಶುರುಮಾಡಿ, ಕೊನೆಗೆ ಜೇಬಿನಲ್ಲಿ ಇಟ್ಟುಕೊಳ್ಳುವ ಅದೇ ತೋಟಾದಲ್ಲಿ ಪ್ರತಿ ಮ್ಯಾಗಜೀನನ್ನೂ ಹಲವು ಸಲ ತುಂಬಿ ಖಾಲಿ ಮಾಡುವುದು ನ್ಯಾಯವಾದ ರಾಜಿ. ಅಗ್ಗದ್ದು ಮಾತ್ರ ಹೊಡೆದು ದುಬಾರಿಯದನ್ನು ನಂಬುವುದು ಮಾತ್ರ ತರ್ಕದ ಯಾವ ಲೆಕ್ಕಕ್ಕೂ ಸಲ್ಲದು.

ನಮ್ಮ ದೇಶದ ಓದುಗ ಇಲ್ಲಿ ನಗಬಹುದು. ಭಾರತದಲ್ಲಿ 9 ಎಂಎಂ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷೇಧಿತ. ಪರವಾನಗಿದಾರರ ಕೈಗೆ ಸಿಗುವುದು .32 ಬೋರಿನಂಥವು, ಅದರಲ್ಲೂ ತೋಟಾದ ಮಿತಿ ಪರವಾನಗಿಯಲ್ಲೇ ಬರೆದಿರುತ್ತದೆ. ಇನ್ನೂರು ಗುಂಡಿನ ಪರೀಕ್ಷೆ ಇಲ್ಲಿ ಹಲವರಿಗೆ ಆಗದ ಮಾತು. ಆದರೆ ಗುಂಡಿನ ಸಂಖ್ಯೆ ಕಡಿಮೆಯಾದಷ್ಟೂ ಒಂದೊಂದು ನಿಲುಗಡೆಯನ್ನೂ ನೋಡಿ ಬರೆದಿಡುವ ಬೆಲೆ ಹೆಚ್ಚುತ್ತದೆ, ಡಮ್ಮಿ ತೋಟಾ ಮತ್ತು ಚೇಂಬರ್ ಪರೀಕ್ಷೆಗೆ ಮಿತಿಯೇ ಇಲ್ಲ.

ಉಳಿದದ್ದು ಒಂದು ಸಣ್ಣ ಸಂಶಯ: ಒಮ್ಮೆ ಪಾಸಾದ ಪಿಸ್ತೂಲು ಮತ್ತೆ ಪರೀಕ್ಷೆಗೆ ಕೂರಬೇಕೇ? ಕಿರು ಪಿಸ್ತೂಲಿನ ರಿಕಾಯಿಲ್ ಸ್ಪ್ರಿಂಗ್ ದೊಡ್ಡದರದ್ದಕ್ಕಿಂತ ಬೇಗ ಸವೆಯುತ್ತದೆ. ಕೈಪಿಡಿ ಹೇಳಿದ ಅವಧಿಗೆ ಅದನ್ನು ಬದಲಿಸಿದಾಗ ಒಂದೆರಡು ಡಬ್ಬಿ ಮತ್ತೆ ಹೊಡೆದು ನೋಡಬೇಕು. ಹೊಸ ಮ್ಯಾಗಜೀನ್ ಕೊಂಡರೆ ಅದು ಹಳೆಯದರ ಪುಣ್ಯವನ್ನು ಹೊತ್ತು ಬರುವುದಿಲ್ಲ, ಅದಕ್ಕೆ 3 ಎಂದು ಗುರುತು ಹಾಕಿ ಬೇರೆಯಾಗಿಯೇ ಎಣಿಸಬೇಕು.